ಎಯ್ನೋ ಹಿಡಿದ ಮೀನು

ಮಲ್ಲೇಶ್ವರ

ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಮಲ್ಲೇಶ್ವರದಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಊಟಕ್ಕೆ ಏನ್ ಮಾಡ್ತಿದ್ರಿ?" ಊರು ಹೇಗಿತ್ತು, ಜನ ಹೇಗಿದ್ದರು ಎಂಬುದೆಲ್ಲ ಆಮೇಲೆ. ಎಂಟನೇ ಕ್ರಾಸಿನಲ್ಲಿ ಸೊಪ್ಪು ಆರಿಸುವಾಗಲೂ ನನಗೆ ಈ ಪ್ರಶ್ನೆ ಎದುರಾಯಿತು, ಕಾಲೇಜಿನ ಸ್ಟಾಫ್ ರೂಮಿನಲ್ಲೂ ಎದುರಾಯಿತು. "ಆಲೂಗಡ್ಡೆ" ಎಂದು ಹೇಳಿ ನಗುತ್ತಿದ್ದೆ. ಕೇಳಿದವರಿಗೆ ಸಮಾಧಾನವಾಗುತ್ತಿತ್ತು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ನನಗೆ ಮಾತ್ರ ಅದು ಮುಗಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೀನು, ಕಪ್ಪೆ, ಜಿರಳೆಗಳನ್ನು ಕೊಯ್ದು ತೋರಿಸುವುದೇ ಕೆಲಸ. ಆ ಕೆಲಸ ಮುಗಿಸಿ ಬಂದ ದಿನ ನಾನು ಮುಂಬಾಗಿಲಿನಿಂದ ಮನೆಯೊಳಗೆ ಹೋಗುವುದಿಲ್ಲ. ಬಿ.ಎಸ್ಸಿ. ಓದುವಾಗ ಅಮ್ಮ ಹಾಕಿಕೊಟ್ಟ ಪದ್ಧತಿ ಅದು. "ಕೊಯ್ಯೋದಾದ್ರೆ ಕೊಯ್ಕೋ, ನಾನೇನ್ ಬೇಡ ಅನ್ನಲ್ಲ. ಸ್ನಾನ ಮಾಡ್ದೆ ಅಡಿಗೆಮನೆ ಕಡೆ ಬಂದ್ಬಿಟ್ಟೀಯ, ಜೋಕೆ!" ಎನ್ನುತ್ತಿದ್ದಳು. ಹಿತ್ತಲ ಬಚ್ಚಲಿನಲ್ಲಿ ತಲೆಗೆ ನೀರು, ಪ್ರಾಕ್ಟಿಕಲ್ ದಿನದ ಸೀರೆ ಒಣಗಿಸಲು ಬೇರೆ ಹಗ್ಗ. ಅಮ್ಮ ತೀರಿಕೊಂಡ ಮೇಲೂ ಅದು ನಡೆದುಕೊಂಡೇ ಬಂತು. ನಂಬಿಕೆ ಎಷ್ಟು, ಅಭ್ಯಾಸ ಎಷ್ಟು ಎಂದು ನಾನು ಯೋಚಿಸಿದವಳಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಫಿನ್‌ಲ್ಯಾಂಡಿನ ಒಂದು ಸರೋವರ ಸಂಶೋಧನಾ ಕೇಂದ್ರ ಹೊರದೇಶದ ಕಾಲೇಜು ಅಧ್ಯಾಪಕರನ್ನು ತರಬೇತಿಗೆ ಕರೆಯಿತು. ನಮ್ಮ ಕಾಲೇಜಿನಿಂದ ನಾನು, ಕೆಮಿಸ್ಟ್ರಿಯ ನಾಗರತ್ನ ಇಬ್ಬರೂ ಆಯ್ಕೆಯಾದೆವು. ನಾಗರತ್ನ ಚಾಮರಾಜಪೇಟೆಯವಳು. ಮನೆಯವರಿಗೆ ಬಳೇಪೇಟೆಯಲ್ಲಿ ಬಳೆಯ ಅಂಗಡಿ. ಕೊರಳಲ್ಲಿ ಲಿಂಗ, ಕೈತುಂಬ ಗಾಜಿನ ಬಳೆ, ಬಾಯಲ್ಲಿ ಬಿಡುವಿಲ್ಲದ ಮಾತು. ನನಗಿಂತ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವಳ ಮನೆಯಲ್ಲೂ ಮೊಟ್ಟೆಯನ್ನು ಒಳಗೆ ತಂದವರಿಲ್ಲ.

ಹೆಲ್ಸಿಂಕಿ

ನಮ್ಮ ಪೆಟ್ಟಿಗೆಗಳಲ್ಲಿ ಬಟ್ಟೆಗಿಂತ ಜಾಸ್ತಿ ಇದ್ದದ್ದು ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ಕಾಫಿಪುಡಿ. ನಾಗರತ್ನ ಒಂದು ಕುಕ್ಕರನ್ನೂ ತಂದಿದ್ದಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಚಟ್ನಿಪುಡಿಯ ಡಬ್ಬಿ ತೆರೆದು ಮೂಗು ಹತ್ತಿರ ತಂದ. ಆಮೇಲೆ ಅವನು ಸೀನಿದ್ದು ನೋಡಿ ನಮಗೇ ಪಾಪ ಅನ್ನಿಸಿತು. ಕಣ್ಣೊರೆಸಿಕೊಳ್ಳುತ್ತಲೇ ಕೈಬೀಸಿ ನಮ್ಮನ್ನು ಕಳುಹಿಸಿದ.

"ಇವ್ರಿಗೆ ಇನ್ಮೇಲೆ ಬೆಂಗಳೂರು ಅಂದ್ರೆ ಭಯ ಬಿಡಿ ಅಕ್ಕಾ" ಎಂದಳು ನಾಗರತ್ನ.

ಅಲ್ಲಿಂದ ರೈಲು. ಹೊರಗೆ ಮರ, ನೀರು, ಮತ್ತೆ ಮರ, ಮತ್ತೆ ನೀರು. ಬೋಗಿಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನಮ್ಮಲ್ಲಾದರೆ ಯಶವಂತಪುರ ದಾಟುವಷ್ಟರಲ್ಲಿ ಎದುರಿಗೆ ಕೂತವರ ಮಗಳ ಗಂಡನ ಸಂಬಳ ತಿಳಿದಿರುತ್ತದೆ. ಆ ನಿಶ್ಶಬ್ದದಲ್ಲಿ ನಾಗರತ್ನಳ ಬಳೆಗಳ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಅವಳು ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡಳು.

ಎಯ್ನೋ ಮನೆ

ಕೇಂದ್ರದಲ್ಲಿ ಕೋಣೆಗಳು ಸಾಲದೆ ನಮ್ಮಿಬ್ಬರನ್ನು ಹತ್ತಿರದ ಒಂದು ಮನೆಯಲ್ಲಿ ಇರಿಸಿದರು. ಸರೋವರದ ದಂಡೆಯಲ್ಲೇ ಕೆಂಪು ಬಣ್ಣದ ಮರದ ಮನೆ. ಮನೆಯ ಯಜಮಾನ ಎಯ್ನೋ. ವಯಸ್ಸಾದ ಮೀನುಗಾರ, ಹೆಂಡತಿ ತೀರಿಕೊಂಡಿದ್ದಳು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಟ್ಟಣದ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಲೀಸಾ ಪ್ರತಿ ಭಾನುವಾರ ಬಸ್ಸು ಹಿಡಿದು ಬರುತ್ತಿದ್ದಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಚೊಚ್ಚಲ ಬಸುರಿ.

ಲೀಸಾ ಬಂದ ಮೊದಲ ಭಾನುವಾರವೇ ನಾವು ನಮ್ಮ ಊಟದ ವಿಷಯ ಹೇಳಿದೆವು. ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲ, ಹುಟ್ಟಿದಾಗಿನಿಂದ ಇಲ್ಲ. ಅವಳು ಅದನ್ನು ಅಪ್ಪನಿಗೆ ಹೇಳಿದಳು. ಎಯ್ನೋ ನಮ್ಮನ್ನು ಮರುಕದಿಂದ ನೋಡಿ ಒಂದು ಬುಟ್ಟಿ ಆಲೂಗಡ್ಡೆ ತಂದಿಟ್ಟ. ಮೀನಿನ ಬಾಣಲೆ ತಾಗದ ಒಲೆಯ ಒಂದು ಮೂಲೆಯನ್ನು ಹಿಡಿದುಕೊಂಡು ನಾವು ಕುಕ್ಕರ್ ಕೂಗಿಸಿದೆವು. ಮೊದಲ ಸಲ ಅದು ಕೂಗಿದಾಗ ಎಯ್ನೋ ಹೊರಗೆ ಓಡಿಹೋಗಿದ್ದ.

ಅಪ್ಪ ಮಗಳು ಇಬ್ಬರೂ ಮಾತು ಕಡಿಮೆಯ ಜನ. ಬಾಗಿಲಲ್ಲಿ ಅಪ್ಪಿಕೊಳ್ಳುತ್ತಿರಲಿಲ್ಲ, ಹೇಗಿದ್ದೀ ಎಂದೂ ಕೇಳುತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಅವನು ಮೀನು ಹಸನು ಮಾಡಿ ಇಟ್ಟಿರುತ್ತಿದ್ದ. ಬೆರಳುದ್ದದ ಮುಯಿಕ್ಕು ಎಂಬ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತಿದ್ದ. ಪೈಕ್ ಎಂಬ ಹಲ್ಲಿನ ಮೀನನ್ನು ಒಲೆಯೊಳಗಿಟ್ಟು ಬೇಯಿಸುತ್ತಿದ್ದ. ಅವಳು ತಿನ್ನುವುದನ್ನು ಅವನು ಎದುರಿಗೆ ಕೂತು ನೋಡುತ್ತಿದ್ದ. ತಟ್ಟೆ ಖಾಲಿಯಾದರೆ ಮತ್ತೆ ಬಡಿಸುತ್ತಿದ್ದ. ಅವರಿಬ್ಬರ ಮಾತುಕತೆಯೆಲ್ಲ ಅಷ್ಟರಲ್ಲೇ ನಡೆದುಹೋಗುತ್ತಿತ್ತು.

ವಾರದಲ್ಲಿ ಸಿಕ್ಕ ಪೈಕ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಅವನು ಲೀಸಾಗೆಂದೇ ತೆಗೆದಿಡುತ್ತಿದ್ದ. ನಮ್ಮಲ್ಲಿ ಬಸುರಿಗೆ ಬಯಕೆ ಊಟ ಹಾಕುವಾಗ ಒಳ್ಳೆಯದನ್ನೆಲ್ಲ ಹುಡುಕಿ ತಂದು ಬಡಿಸುತ್ತಾರಲ್ಲ, ಹಾಗೆ. ತಾಯಿಯಿಲ್ಲದ ಮಗಳು, ತವರೆಂದರೆ ಅವನೊಬ್ಬನೇ. ಆ ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುವಾಗ ಅವನ ಮುಖದಲ್ಲಿ ಬೆಳಕಿರುತ್ತಿತ್ತು. ನನಗೆ ಮಾತ್ರ ಮೊದಲ ಭಾನುವಾರದಿಂದಲೇ ಆ ಮೀನಿನ ಮೇಲೆ ಅನುಮಾನ, ಅಳೆದು ನೋಡದೆ ಹೇಳುವುದು ಹೇಗೆಂದು ತಡೆದುಕೊಂಡಿದ್ದೆ. ಮೀನು ದೊಡ್ಡದಾದಷ್ಟೂ ಕೇಡು ಜಾಸ್ತಿ ಎಂಬುದನ್ನು ಕಲಿಯಲೆಂದೇ ನಾನು ಆ ದೇಶಕ್ಕೆ ಹೋಗಿದ್ದೆ.

ಕೇಂದ್ರ

ನಮ್ಮ ಕಡೆ ಕೆರೆ ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ. ನೊರೆ ಏಳುತ್ತದೆ, ಬಣ್ಣ ತಿರುಗುತ್ತದೆ, ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಆ ಸರೋವರದಲ್ಲಿ ಆಳದ ಕಲ್ಲುಗಳೂ ಕಾಣುವಷ್ಟು ನೀರು ತಿಳಿಯಾಗಿತ್ತು. ಅಂಥ ನೀರಿನಲ್ಲಿ ಪಾದರಸವಿದೆ ಎಂದಾಗ ನನಗೂ ನಂಬಲಾಗಲಿಲ್ಲ. ಎಲ್ಲೋ ದೂರದ ಕಲ್ಲಿದ್ದಲಿನ ಹೊಗೆಯೊಂದಿಗೆ ಬಂದು, ಮಳೆಯಲ್ಲಿ ಇಳಿದು, ಕಾಡಿನ ಮಣ್ಣಿನಿಂದ ನೀರಿಗೆ ಸೇರುತ್ತದಂತೆ. ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೈಗೆ ಹತ್ತುವ ರೂಪಕ್ಕೆ ತಿರುಗಿಸುತ್ತವೆ. ನೀರಿನಲ್ಲಿ ಅದು ಎಷ್ಟು ಕಡಿಮೆಯೆಂದರೆ ಅಳೆಯುವುದೇ ಕಷ್ಟ. ಮೈಯೊಳಗೆ ಹೋದದ್ದು ಮಾತ್ರ ಬೇಗ ಹೊರಗೆ ಬರುವುದಿಲ್ಲ.

ಮಿಕ್ಕದ್ದು ನಾನು ವರ್ಷವೂ ಪಾಠ ಮಾಡುತ್ತಿದ್ದ ವಿಷಯವೇ. ನಮ್ಮ ಕ್ಲಾಸಿನಲ್ಲಿ ಅದಕ್ಕೊಂದು ಆಟ ಮಾಡಿಕೊಂಡಿದ್ದೆ. ಮುಂದಿನ ಬೆಂಚಿನವರು ಪಾಚಿ, ಒಬ್ಬೊಬ್ಬರ ಕೈಗೂ ಒಂದೊಂದು ಹುಣಸೆಬೀಜ. ಎರಡನೇ ಬೆಂಚಿನವರು ನೀರಿನ ಹುಳ, ಒಬ್ಬೊಬ್ಬಳೂ ಮುಂದಿನ ಹಲವರ ಬೀಜ ಕಿತ್ತುಕೊಳ್ಳಬೇಕು. ಮೂರನೆಯವರು ಸಣ್ಣ ಮೀನು. ಹೀಗೆ ಹಿಂದೆ ಹೋದಷ್ಟೂ ಕೈಗಳು ಕಡಿಮೆ, ಬೀಜ ಜಾಸ್ತಿ. ಕೊನೆಯ ಬೆಂಚಿನವಳ ಮುಷ್ಟಿ ಮುಚ್ಚಲಾಗದೆ ಬೀಜ ನೆಲಕ್ಕೆ ಚೆಲ್ಲುತ್ತಿತ್ತು, ಹುಡುಗಿಯರು ನಗುತ್ತಿದ್ದರು. ಒಂದು ವರ್ಷ ಶ್ರೀರಾಂಪುರದಿಂದ ಬರುತ್ತಿದ್ದ ಶಾಂತಾ ಎಂಬವಳು ನಗಲಿಲ್ಲ. "ಮಿಸ್, ನಮ್ಮನೇಲಿ ಕೆರೆ ಮೀನೇ ತರೋದು. ಕೊನೇ ಬೆಂಚು ಅಂದ್ರೆ ನಾವೇನಾ?" ಎಂದಳು. ಇರಬಹುದು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ತಿಳಿದಿರಲಿಲ್ಲ. ನಮ್ಮ ಪುಸ್ತಕದ ಚಿತ್ರದಲ್ಲಿ ಬಾಣದ ಗುರುತು ಕೊಕ್ಕರೆಯ ಹತ್ತಿರ ನಿಂತುಬಿಡುತ್ತಿತ್ತು.

ಇಲ್ಲಿ ನಾವು ದಿನವೂ ಮೀನು ಕೊಯ್ದು, ಬೆನ್ನಿನ ಮಾಂಸ ತೆಗೆದು, ರುಬ್ಬಿ, ಆಮ್ಲದಲ್ಲಿ ಕರಗಿಸಿ ಪಾದರಸ ಅಳೆಯುವ ಯಂತ್ರಕ್ಕೆ ಕೊಡುತ್ತಿದ್ದೆವು. ಮಾಂಸ ತುಂಬಿದ ಮಿಕ್ಸಿಯ ಮುಂದೆ ನಾಗರತ್ನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಲ್ಲುತ್ತಿದ್ದಳು.

"ಅಕ್ಕಾ, ನಮ್ಮೂರ ಕೆರೆ ಮೀನನ್ನ ಯಾರಾದ್ರೂ ಹೀಗೆ ರುಬ್ಬಿ ನೋಡಿದಾರಾ?"

"ನನಗೆ ತಿಳಿದಂತೆ ಇಲ್ಲ ಕಣೇ."

"ಹಬ್ಬ ಆದ್ಮೇಲೆ ಅಷ್ಟೊಂದು ಬಣ್ಣದ ಗಣೇಶನ್ನ ಸ್ಯಾಂಕಿ ಕೆರೆಗೆ ಬಿಡ್ತೀವಲ್ಲ. ಆ ಬಣ್ಣ ಎಲ್ ಹೋಗತ್ತೆ?"

ಕರಗಿ ಹೋಗುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಆ ವರ್ಷದ ಗಣೇಶನ ಹಬ್ಬವನ್ನು ನಾವಿಬ್ಬರೂ ಅಲ್ಲೇ, ಯಂತ್ರದ ಮುಂದೆ ಕಳೆದೆವು. ಮನೆಯ ಕಡುಬು ನೆನಪಾಯಿತು. ಕೆರೆಯೂ ನೆನಪಾಗಿ ಬೇಸರವಾಯಿತು.

ನಾವು ಏನು ಮಾಡುತ್ತೇವೆಂದು ತಿಳಿದ ಎಯ್ನೋ, ತಾನು ಹಿಡಿದ ಒಂದು ದೊಡ್ಡ ಪೈಕನ್ನೂ ಕೆಲವು ಮುಯಿಕ್ಕುಗಳನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ಲೀಸಾ ನಗುತ್ತ ಹೇಳಿದಳು: "ಅಪ್ಪನಿಗೆ ತಮ್ಮ ಸರೋವರದ ಮೇಲೆ ತುಂಬ ನಂಬಿಕೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರುತ್ತದೆ ನೋಡಿ ಅಂತಿದ್ದಾರೆ."

ಸೌನಾ

ಆ ಮನೆಯಲ್ಲಿ ಬಚ್ಚಲು ಇರಲಿಲ್ಲ. ನೀರಿನ ಪಕ್ಕದಲ್ಲಿ ಸೌನಾ ಎಂಬ ಮರದ ಕೋಣೆ. ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಆವಿಯಲ್ಲಿ ಬೆವರುವುದು ಅವರ ಸ್ನಾನ. ಶನಿವಾರ ಒಲೆ ಹಚ್ಚಿದರೆ ಆ ವಾರದ್ದು ಮುಗಿಯಿತು. ಅದರೊಳಗೆ ಬಟ್ಟೆ ಹಾಕಿಕೊಂಡು ಕೂರುವುದು ಅವರ ಕಣ್ಣಿಗೆ ಅಸಹ್ಯ. ನಾವು ಮೊದಲ ದಿನ ಲಂಗ ಎದೆಗೆ ಕಟ್ಟಿಕೊಂಡು ಕೂತು, ಉಸಿರು ಕಟ್ಟಿ, ಹೊರಗೋಡಿ, ಜಾರಿ ಹುಲ್ಲಿನ ಮೇಲೆ ಬಿದ್ದೆವು. ದೂರದಲ್ಲಿ ಬಲೆ ಬಿಡಿಸುತ್ತಿದ್ದ ಎಯ್ನೋ ತಟ್ಟನೆ ಬೆನ್ನು ತಿರುಗಿಸಿ ನಿಂತ. ಆ ಮರ್ಯಾದೆಗೆ ಇಂದಿಗೂ ಕೃತಜ್ಞಳು.

ವಾರಕ್ಕೊಂದು ಸ್ನಾನ ನಮಗೆ ಹೇಗೆ ಸಾಲುತ್ತದೆ? ಅದೂ ಮೀನು ಮುಟ್ಟಿ ಬಂದ ಮೇಲೆ. ಪ್ರತಿ ಸಂಜೆ ಒಲೆಯ ಮೇಲೆ ನೀರು ಕಾಯಿಸಿ, ಬಕೆಟ್ಟು ಹೊತ್ತುಕೊಂಡು ಸೌನಾ ಕೋಣೆಗೆ ಹೋಗಿ ತಲೆಯಿಂದ ಸುರಿದುಕೊಳ್ಳುತ್ತಿದ್ದೆವು. ಲ್ಯಾಬಿನ ಬಟ್ಟೆಯನ್ನು ಹೊರಗೇ ಕಳಚಿ, ಬೇರೆ ನೆನೆಹಾಕಿ, ದೂರದ ಮರಕ್ಕೆ ಕಟ್ಟಿದ ಹಗ್ಗದಲ್ಲಿ ಒಣಗಿಸುತ್ತಿದ್ದೆವು. ಆಮೇಲೆಯೇ ಒಳಗೆ ಬಂದು ಕಾಫಿ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಬಿಡಲಿಲ್ಲ. ಅಮ್ಮ ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಲೀಸಾ ಮುಯಿಕ್ಕುವಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು. ಎಯ್ನೋ ಏನೋ ಕೇಳಿದ. ಅವಳು ಹಸಿವಿಲ್ಲ ಎಂಬಂತೆ ಹೊಟ್ಟೆ ಸವರಿಕೊಂಡಳು. ಅವನು ಬಲೆ ನೋಡಲು ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು.

"ನೀವು ಬೇಜಾರು ಮಾಡಿಕೊಳ್ಳದೆ ಒಂದು ನಿಜ ಹೇಳಬೇಕು. ಮೀನು ಮುಟ್ಟಿದ ದಿನವೆಲ್ಲ ನೀವು ಮೈ ಉಜ್ಜಿ ತೊಳೆಯುತ್ತೀರಿ ಅಂತ ಅಪ್ಪ ಹೇಳಿದರು. ಬಟ್ಟೆಯನ್ನೂ ಒಳಗೆ ತರುವುದಿಲ್ಲವಂತೆ. ನಮ್ಮ ಬಾಣಲೆಯನ್ನು ಮುಟ್ಟುವುದಿಲ್ಲವಂತೆ. ಅಷ್ಟು ವಿಷವಿದೆಯಾ ನಮ್ಮ ಮೀನಿನಲ್ಲಿ?"

"ಇಲ್ಲ ಲೀಸಾ, ಅದು ನಮ್ಮ ಪದ್ಧತಿ" ಎಂದೆ.

"ಮೀನು ತಿನ್ನದವರು ನಮ್ಮಲ್ಲೂ ಇದ್ದಾರೆ. ನನ್ನ ಗೆಳತಿಯೇ ತಿನ್ನುವುದಿಲ್ಲ. ಅವಳು ಬೆಕ್ಕಿಗೆ ಮೀನು ಬೇಯಿಸಿ ಹಾಕುತ್ತಾಳೆ, ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂರುತ್ತಾಳೆ. ತಲೆಯಿಂದ ಕಾಲಿನವರೆಗೆ ತೊಳೆದುಕೊಳ್ಳುವುದಿಲ್ಲ."

ಮಡಿ ಮೈಲಿಗೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹೊರಟು ನಾನೇ ಅದರಲ್ಲಿ ಸಿಕ್ಕಿಕೊಂಡೆ. ಮುಟ್ಟಿದರೆ ಏನೋ ಅಂಟಿಕೊಳ್ಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಹಾಕಿಕೊಂಡರೆ ಹೋಗುತ್ತದೆ ಎಂದೆಲ್ಲ ಹೇಳಿದೆ. ಹೇಳಿದಷ್ಟೂ ಅವಳ ಮುಖ ಬಿಳುಚಿಕೊಂಡಿತು. ನಾಗರತ್ನ ನನ್ನ ತೊಡೆ ಚಿವುಟಿ, "ಅಕ್ಕಾ, ಸುಮ್ನಿರಿ, ಇನ್ನೂ ಕೆಡಿಸ್ತಿದೀರಿ" ಎಂದಳು.

ವಿಷ ಮೇಲೇರುವ ಬಗೆ ತಿಳಿದರೆ ಸಣ್ಣ ಮೀನಿಗೆ ಹೆದರುವುದಿಲ್ಲ ಎಂದುಕೊಂಡು, ಮೇಜಿನ ಮೇಲಿದ್ದ ಕಾಡುಹಣ್ಣುಗಳನ್ನು ಸಾಲಾಗಿ ಜೋಡಿಸಿ ಹುಣಸೆಬೀಜದ ಪಾಠವನ್ನೇ ಮಾಡಿದೆ. ಮುಯಿಕ್ಕು ಚಿಕ್ಕದು, ಬಾಳುವುದು ಕೆಲವೇ ವರ್ಷ, ಅದರ ಪಾಲಿಗೆ ಬರುವುದು ನಾಲ್ಕು ಹಣ್ಣು. ಪೈಕ್ ಮೀನನ್ನೇ ತಿಂದು ವರ್ಷಗಟ್ಟಲೆ ಬಾಳುತ್ತದೆ, ಅದಕ್ಕೆ ಇಡೀ ರಾಶಿ. ತೊಳೆದರೂ ಬೇಯಿಸಿದರೂ ಅದು ಮಾಂಸ ಬಿಟ್ಟು ಹೋಗುವುದಿಲ್ಲ. ಲೀಸಾ ಚೂಟಿ, ತಕ್ಷಣ ಅರ್ಥ ಮಾಡಿಕೊಂಡಳು. ಮುಯಿಕ್ಕುವಿನ ಮುಂದಿದ್ದ ನಾಲ್ಕು ಹಣ್ಣುಗಳನ್ನೇ ದಿಟ್ಟಿಸಿ ನೋಡಿದಳು.

"ಹಾಗಾದರೆ ಈ ನಾಲ್ಕು ಹಣ್ಣಿನಷ್ಟು ವಿಷವನ್ನೂ ನೀವು ಬೇಡ ಅಂತೀರಿ" ಎಂದಳು.

ಕಾಗದ ಬಂದ ದಿನ

ನಮ್ಮ ತರಬೇತಿ ಮುಗಿಯುತ್ತ ಬಂದಾಗ ಎಯ್ನೋ ಕೊಟ್ಟ ಮೀನುಗಳ ಫಲಿತಾಂಶ ಬಂತು. ಪೈಕ್‌ನಲ್ಲಿ ಪಾದರಸ ಮಿತಿಗಿಂತ ಬಹಳ ಮೇಲಿತ್ತು. ಮುಯಿಕ್ಕುವಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಕೇಂದ್ರದ ಮುಖ್ಯಸ್ಥೆ ಸ್ವತಃ ಮನೆಗೆ ಬಂದು ಎಯ್ನೋನ ಎದುರು ಕೂತು ಅವನ ಭಾಷೆಯಲ್ಲೇ ಹೇಳಿದಳು: ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪಾದರಸ ತೊಂದರೆ ಮಾಡಬಲ್ಲದು, ಲೀಸಾಗೆ ಪೈಕ್ ಬೇಡ, ಮುಯಿಕ್ಕುವನ್ನು ಧಾರಾಳವಾಗಿ ಕೊಡಬಹುದು, ಅದು ಒಳ್ಳೆಯದೇ. ಇದನ್ನೆಲ್ಲ ಲೀಸಾಗೆಂದು ಕಾಗದದಲ್ಲೂ ಬರೆದುಕೊಟ್ಟಳು.

ಎಯ್ನೋ ಕೇಳಿದ ಒಂದೇ ಮಾತನ್ನು ಮುಖ್ಯಸ್ಥೆ ಹೊರಗೆ ಬಂದಾಗ ನಮಗೆ ಇಂಗ್ಲಿಷಿನಲ್ಲಿ ಹೇಳಿದಳು. ಬೇಸಿಗೆಯಿಡೀ ಎಲ್ಲಕ್ಕಿಂತ ದೊಡ್ಡದನ್ನೇ ಮಗಳಿಗೆ ಕೊಟ್ಟೆ, ಅದಕ್ಕೇನು ಮಾಡಲಿ ಎಂದನಂತೆ. ಮುಖ್ಯಸ್ಥೆ ಅವನಿಗೆ ಧೈರ್ಯ ಹೇಳಿದಳು. ವಾರಕ್ಕೊಂದು ಊಟವಷ್ಟೆ, ಇಲ್ಲಿಗೆ ನಿಲ್ಲಿಸಿದರೆ ದೇಹ ನಿಧಾನವಾಗಿ ಅದನ್ನು ಹೊರಹಾಕುತ್ತದೆ, ಡಾಕ್ಟರಿಗೂ ತಿಳಿಸೋಣ ಎಂದಳು. ಅವನು ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಪೈಕ್ ಹಿಡಿಯುವ ದೊಡ್ಡ ಕಣ್ಣಿನ ಬಲೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದ. ಸಣ್ಣ ಕಣ್ಣಿನ ಬಲೆಯನ್ನು ಮಾತ್ರ ಇಟ್ಟುಕೊಂಡ. ಮಗಳಿಗೆ ಕೊಡಲು ಅವನಿಗೆ ಉಳಿದದ್ದು ಅದರಲ್ಲಿ ಬೀಳುವ ಮೀನಷ್ಟೇ.

ಕೊನೆಯ ಭಾನುವಾರ

ಅಂದು ಎಯ್ನೋ ಶರಟು ಇಸ್ತ್ರಿ ಮಾಡಿ ತೊಟ್ಟಿದ್ದ. ಬೆಳಿಗ್ಗೆಯ ಮುಯಿಕ್ಕು, ಹೊಸ ಬೆಣ್ಣೆ. ಮನೆಯೆಲ್ಲ ಹುರಿದ ವಾಸನೆ. ನಾವು ಕಿಟಕಿಯ ಹತ್ತಿರ ನಮ್ಮ ಹುಳಿ ಅನ್ನ ಹಿಡಿದು ಕೂತಿದ್ದೆವು. ಲೀಸಾ ಬಂದು ಮುಖ್ಯಸ್ಥೆಯ ಕಾಗದವನ್ನು ಓದಿ ಮಡಿಸಿಟ್ಟಳು. ತಟ್ಟೆಗೆ ಬ್ರೆಡ್ ಹಾಕಿಕೊಂಡಳು. ಅಪ್ಪ ಮೀನು ಬಡಿಸಲು ಬಂದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಯ್ನೋ ಕಾಗದ ತೋರಿಸಿದ. ಅವಳು ನಮ್ಮ ಕಡೆ ತೋರಿಸಿದಳು. ಕೊನೆಗೆ ನನ್ನತ್ತ ತಿರುಗಿ, "ಕಾಗದ ಏನಾದರೂ ಹೇಳಲಿ, ನೀವು ದಿನಾ ಅದನ್ನು ಕೊಯ್ದು ನೋಡಿದವರು. ನೀವು ಮಾಡುವುದನ್ನು ನಾನು ನಂಬುತ್ತೇನೆ ಅಂತ ಅಪ್ಪನಿಗೆ ಹೇಳಿದೆ" ಎಂದಳು. ಅವಳ ಕಣ್ಣು ತುಂಬಿತ್ತು. ತಿನ್ನಲು ಅವಳಿಗೂ ಆಸೆಯಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

ಎಯ್ನೋ ಒಂದು ಸಣ್ಣ ತಟ್ಟೆ ತೆಗೆದುಕೊಂಡ. ಚೆನ್ನಾಗಿ ಕೆಂಪಗಾದ ಒಂದೇ ಒಂದು ಮುಯಿಕ್ಕುವನ್ನು ಆರಿಸಿ ಅದರಲ್ಲಿಟ್ಟು ತಂದು ನನ್ನ ಮುಂದಿಟ್ಟ. ಮಗಳು ನೋಡಲಿ ಎಂಬಂತೆ ಅವಳತ್ತ ಕಣ್ಣು ಹಾಯಿಸಿದ. ಎರಡೂ ಕೈ ಮೇಜಿಗೆ ಊರಿ ನಿಂತ.

"ಅಕ್ಕಾ, ಬೇಡ. ನಿಮ್ ಕೈಲಿ ಆಗಲ್ಲ" ಎಂದು ನಾಗರತ್ನ ಪಿಸುಗುಟ್ಟಿದಳು.

"ಒಂದು ತುತ್ತು ಕಣೇ. ಪಾಪ, ಆ ಮನುಷ್ಯನ್ನ ನೋಡು."

"ನಾನೂ ನೋಡ್ತಿದೀನಿ. ನನ್ ಕೈಲೂ ಆಗಲ್ಲ."

ಆಗುತ್ತದೆ ಎಂದೇ ನಾನು ತಿಳಿದೆ. ಅದರೊಳಗೆ ಏನಿದೆ, ಏನಿಲ್ಲ ಎಂದು ಆ ಕೋಣೆಯಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ತಪ್ಪು ಅನ್ನಿಸಲಿಲ್ಲ, ಭಯವೂ ಆಗಲಿಲ್ಲ. ಬಾಲ ಹಿಡಿದು ಎತ್ತಿ ಅರ್ಧ ಕಚ್ಚಿದೆ. ಲೀಸಾ ಉಸಿರು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಅಗಿದೆ. ನಗಲೂ ನೋಡಿದೆ. ಚೆನ್ನಾಗಿದೆ ಎಂದು ತಲೆಯಾಡಿಸಿದೆ. ನುಂಗಬೇಕಾದಾಗ ಮಾತ್ರ ಗಂಟಲು ಕೇಳಲಿಲ್ಲ. ಮತ್ತೆ ನುಂಗಿದೆ, ಅದು ಮತ್ತೆ ಮೇಲೆ ಬಂತು. ಹೊಟ್ಟೆಯಿಂದ ಏನೋ ಕಿತ್ತುಕೊಂಡು ಬಂದಂತಾಗಿ, ಬಾಯಿ ಮುಚ್ಚಿಕೊಂಡು ಓಡಿ, ಕೈತೊಳೆಯುವ ತೊಟ್ಟಿಗೆ ಎಲ್ಲವನ್ನೂ ಕಕ್ಕಿಬಿಟ್ಟೆ.

ಬೆನ್ನ ಮೇಲೆ ಕೈಯೊಂದು ಆಡಿತು. ನಾಗರತ್ನ ಎಂದುಕೊಂಡೆ, ಆದರೆ ಬಳೆಯ ಸದ್ದಿರಲಿಲ್ಲ. ಲೀಸಾ. ಅಷ್ಟು ತುಂಬಿದ ಬಸುರಿ, ನನ್ನ ಬೆನ್ನು ನೀವುತ್ತಿದ್ದಳು. ನೀರು ಕುಡಿಸಿದಳು, ಬಾಯಿ ಒರೆಸಿದಳು. ನಾನು ತೊದಲುತ್ತ ಅದು ಹಾಗಲ್ಲ, ಮೀನಿನದ್ದೇನೂ ತಪ್ಪಿಲ್ಲ, ನನ್ನ ಗಂಟಲಿನ ತಪ್ಪು ಎಂದು ಹೇಳುತ್ತಲೇ ಇದ್ದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಪ್ಪನಿಗೆ ನೋವಾಗಬಾರದು ಅಂತ ಈ ಸಣ್ಣ ಮೀನೂ ವಿಷ ಅನ್ನುವುದನ್ನು ಇಷ್ಟು ದಿನ ಮುಚ್ಚಿಟ್ಟಿದ್ದಿರಿ. ನನಗೆ ಅರ್ಥವಾಗುತ್ತದೆ" ಎಂದಳು. "ನನ್ನ ಮಗುವನ್ನು ಉಳಿಸಿದಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ."

ಅವಳ ಹಿಂದೆ ಎಯ್ನೋ ಒಲೆಯ ಮೇಲಿಂದ ಬಾಣಲೆ ಇಳಿಸಿ, ಮಗಳ ತಟ್ಟೆಯ ಪಕ್ಕದಲ್ಲಿದ್ದ ಮುಳ್ಳುಚಮಚವನ್ನು ತೆಗೆದು ಒಳಗಿಡುತ್ತಿದ್ದ.